ಸುಸ್ಥಿರ ವಿಮಾನ ಇಂಧನ: ನೀತಿ ಎಲ್ಲೆಲ್ಲಿ ಎಡವುತ್ತದೆ?

ಸುಸ್ಥಿರ ವಿಮಾನ ಇಂಧನ (ಎಸ್‌ಎಎಫ್), ಅಂದರೆ ಕಚ್ಚಾ ತೈಲದ ಬದಲು ಸಸ್ಯದ ಎಣ್ಣೆ, ತ್ಯಾಜ್ಯದಂಥವುಗಳಿಂದ ತಯಾರಿಸುವ ಜೆಟ್ ಇಂಧನಕ್ಕೆ ತಂತ್ರಜ್ಞಾನವೇ ದೊಡ್ಡ ಅಡ್ಡಿ ಎಂದುಕೊಳ್ಳಬೇಡಿ. ಎಣ್ಣೆ, ಕೊಬ್ಬುಗಳನ್ನು ಹೈಡ್ರೋಜನ್ ಜತೆ ಸಂಸ್ಕರಿಸಿ ತಯಾರಿಸುವ ‘ಹೆಫಾ’ ಇಂಧನಕ್ಕೆ ಗುಣಮಟ್ಟ ನಿಗದಿಪಡಿಸುವ ಎಎಸ್‌ಟಿಎಂ ಸಂಸ್ಥೆಯ ಡಿ7566 ಮಾನದಂಡದಡಿ 2011ರಲ್ಲೇ ಒಪ್ಪಿಗೆ ಸಿಕ್ಕಿದೆ; ಮಾಮೂಲಿ ಜೆಟ್ ಇಂಧನಕ್ಕೆ ಶೇ 50ರವರೆಗೆ ಬೆರೆಸಬಹುದು. ಕಗ್ಗಂಟು ಇರುವುದು ದುಡ್ಡಿನ ಮತ್ತು ಇಂಗಾಲದ ಲೆಕ್ಕದಲ್ಲಿ.

ಮೊದಲು ಸ್ಥಾವರದೊಳಗೆ ಆಗುವುದನ್ನು ನೋಡೋಣ. ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನವು 16–18 ಕಾರ್ಬನ್‌ಗಳ ಸರಪಳಿ. ಆಮ್ಲಜನಕ ತೆಗೆದರೆ ಕೈಗೆ ಬರುವುದು ಬಹುಪಾಲು ಡೀಸೆಲ್. ಜೆಟ್ ಇಂಧನಕ್ಕೆ ಬೇಕಾದದ್ದು ಸುಮಾರು 8–16 ಕಾರ್ಬನ್. ಹಾಗಾಗಿ ಸರಪಳಿಯನ್ನು ಇನ್ನಷ್ಟು ಮುರಿಯಬೇಕು, ಕವಲೊಡೆಸಬೇಕು. ಇಲ್ಲವಾದರೆ ಎತ್ತರದ ಚಳಿಗೆ ಇಂಧನ ಗಟ್ಟಿಯಾಗುತ್ತದೆ. ಮುರಿಯುವಾಗ ಒಂದಷ್ಟು ಪಾಲು ಪೆಟ್ರೋಲ್‌ನಂಥ ಹಗುರ ದ್ರವವಾದ ಅಗ್ಗದ ನಾಫ್ತಾ ಆಗಿಬಿಡುತ್ತದೆ, ಹೈಡ್ರೋಜನ್ ಖರ್ಚೂ ಏರುತ್ತದೆ. ಡೀಸೆಲ್‌ಗೂ ಜೆಟ್‌ಗೂ ಒಂದೇ ಪ್ರೋತ್ಸಾಹಧನ ಇಟ್ಟರೆ ಎಣ್ಣೆ ವಿಮಾನಕ್ಕಲ್ಲ, ಲಾರಿಗೇ ಹೋಗುತ್ತದೆ.

ಅಮೆರಿಕ ಇದನ್ನರಿತು 2022ರಲ್ಲಿ ಗ್ಯಾಲನ್‌ಗೆ 1.25ರಿಂದ 1.75 ಡಾಲರ್ ತೆರಿಗೆ ರಿಯಾಯಿತಿ ಘೋಷಿಸಿತು. ಆದರೆ ಅದು 2023, 2024ಕ್ಕೆ ಮಾತ್ರ. ಮುಂದೆ ಬಂದ ಯೋಜನೆಯಲ್ಲಿ ವಿಮಾನ ಇಂಧನಕ್ಕಿದ್ದ ಹೆಚ್ಚುವರಿ ದರವನ್ನೂ 2025ರ ಕಾನೂನು 2026ರಿಂದ ಕಿತ್ತುಹಾಕಿತು. ಸ್ಥಾವರ ಎದ್ದುನಿಲ್ಲುವ ಮೊದಲೇ ಕೈಜಾರುವ ರಿಯಾಯಿತಿಯನ್ನು ನಂಬಿ ಸಾಲ ಕೊಡುವವರು ಯಾರು?

ಇನ್ನು ಇಂಗಾಲದ ಲೆಕ್ಕ. ಇದನ್ನು ಕೈಯಾರೆ ಮಾಡಿ ನೋಡಿ. ಅಂತರರಾಷ್ಟ್ರೀಯ ಹಾರಾಟದ ಇಂಗಾಲ ಹೊರಸೂಸುವಿಕೆಯನ್ನು ಸರಿದೂಗಿಸಲು ಇರುವ ಕಾರ್ಸಿಯಾ ವ್ಯವಸ್ಥೆಯಲ್ಲಿ ಮಾಮೂಲಿ ಜೆಟ್ ಇಂಧನದ ಆಧಾರ ಮೌಲ್ಯ ಪ್ರತಿ ಮೆಗಾಜೂಲ್ ಶಕ್ತಿಗೆ 89 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಮೆರಿಕದ ಸೋಯಾ ಎಣ್ಣೆಯ ಹೆಫಾಗೆ 40.4 ಗ್ರಾಂ: ಇಳಿಕೆ ಶೇ 55ರಷ್ಟು. ಬೆಳೆ ಇಂಧನಕ್ಕೆ ಹೋದಾಗ ಬೇರೆಡೆ ಕಾಡು, ಹುಲ್ಲುಗಾವಲು ಹೊಲವಾಗುವುದರ ಹೊರೆ 24.5 ಗ್ರಾಂ ಕೂಡಿಸಿ: 64.9. ಇಳಿಕೆ ಶೇ 27ಕ್ಕೆ ಕುಸಿಯಿತು! ಕಾರ್ಸಿಯಾಗೆ ಶೇ 10 ಸಾಕು, ಅಮೆರಿಕದ 2022ರ ರಿಯಾಯಿತಿಗೆ ಕನಿಷ್ಠ ಶೇ 50 ಬೇಕಿತ್ತು. ವಿಮಾನ ಇಂಧನದಲ್ಲಿ ಇಷ್ಟು ಪಾಲು ಎಸ್‌ಎಎಫ್ ಇರಲೇಬೇಕೆಂಬ ಐರೋಪ್ಯ ಒಕ್ಕೂಟದ ಕಡ್ಡಾಯ ಪಾಲಿಗಂತೂ ಆಹಾರ ಬೆಳೆಯ ಇಂಧನ ಲೆಕ್ಕಕ್ಕೇ ಬರುವುದಿಲ್ಲ. ಎಣ್ಣೆ ಒಂದೇ, ತೀರ್ಪು ಮೂರು.

ಒಕ್ಕೂಟದ ಆ ಕಡ್ಡಾಯ ಪಾಲು 2025ಕ್ಕೆ ಶೇ 2, 2030ಕ್ಕೆ 6, 2050ಕ್ಕೆ 70. ತಪ್ಪಿದ ಪೂರೈಕೆದಾರರಿಗೆ ಎಸ್‌ಎಎಫ್‌ಗೂ ಮಾಮೂಲಿ ಜೆಟ್ ಇಂಧನಕ್ಕೂ ಇರುವ ಬೆಲೆ ವ್ಯತ್ಯಾಸದ ಕನಿಷ್ಠ ಎರಡು ಪಟ್ಟು ದಂಡ. ಬಾಕಿಯನ್ನು ಮರುವರ್ಷ ತುಂಬಿಕೊಡಲೂಬೇಕು. ದಂಡ ಗಟ್ಟಿಯಾಗಿದೆ, ಆದರೆ ದಂಡದಿಂದ ಕಚ್ಚಾವಸ್ತು ಹುಟ್ಟುವುದಿಲ್ಲ. ಬೆಳೆಯ ಎಣ್ಣೆ ಲೆಕ್ಕಕ್ಕಿಲ್ಲದ ಮೇಲೆ ಕಣ್ಣು ಹೋಗುವುದು ಕರಿದುಳಿದ ಎಣ್ಣೆಯತ್ತ; ಅದು ಸಿಗುವುದೇ ಮಿತವಾಗಿ. ಅದರ ಬೆಲೆ ಹೊಸ ತಾಳೆ ಎಣ್ಣೆಯನ್ನು ಮೀರಿದರೆ ಹೊಸದನ್ನೇ ಹಳೆಯದೆಂದು ಸಾಗಹಾಕುವ ಆಸೆ ಹುಟ್ಟುತ್ತದೆ. ಬಂದರಿನಲ್ಲಿ ಕಾಗದಪತ್ರ ನೋಡಿದರೆ ಇದು ಸಿಕ್ಕಿಬೀಳದು. ಎಣ್ಣೆ ಸಂಗ್ರಹಿಸಿದ ಒಂದೊಂದು ಅಡುಗೆಮನೆಯ ತೂಕದ ದಾಖಲೆಯನ್ನೂ ಸಾಗಿಸಿದ ಒಟ್ಟು ಪ್ರಮಾಣದೊಂದಿಗೆ ತಾಳೆ ನೋಡಬೇಕು.