ಮಾಂಕ್ಟನ್: ಎರಡು ಭಾಷೆಗೆ ಜಾಗ ಸಿಕ್ಕಿದ್ದು ಹೇಗೆ?

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್‌ಗೆ ಹೊಸದಾಗಿ ಹೋದವರಿಗೆ ಸ್ವಲ್ಪ ಗೊಂದಲವಾಗುತ್ತದೆ. ನಗರಸಭೆಯಲ್ಲಿ ಇಂಗ್ಲಿಷ್, ಫ್ರೆಂಚ್ ಎರಡೂ ನಡೆಯುತ್ತವೆ. ಅಂಗಡಿ ಬೋರ್ಡುಗಳಲ್ಲಿ ಇಂಗ್ಲಿಷೇ ಜಾಸ್ತಿ. ಹುಡುಗರು ಎರಡನ್ನೂ ಕಲಸಿ 'ಶಿಯಾಕ್' ಮಾತಾಡುತ್ತಾರೆ. ಪಕ್ಕದ ಡಿಯೆಪ್‌ಗೆ ಕಾಲಿಟ್ಟರೆ ಬಹುಪಾಲು ಫ್ರೆಂಚ್.

ಮಾಂಕ್ಟನ್‌ನಲ್ಲಿ ಫ್ರೆಂಚ್ ಮಾತೃಭಾಷೆಯವರು ಸುಮಾರು ಮೂರನೇ ಒಂದು ಪಾಲು. ಹೆಚ್ಚಿನವರು ಅಕೇಡಿಯನ್ನರು, 1600ರ ದಶಕದಲ್ಲಿ ಫ್ರಾನ್ಸಿನಿಂದ ಬಂದು ನೆಲೆಸಿದವರ ವಂಶ. 1755ರಿಂದ ಬ್ರಿಟಿಷರು ಇವರನ್ನು ಸಾವಿರಾರು ಸಂಖ್ಯೆಯಲ್ಲಿ ಹಡಗು ಹತ್ತಿಸಿ ಹೊರಹಾಕಿದರು. ತಪ್ಪಿಸಿಕೊಂಡವರು, ಮರಳಿ ಬಂದವರು ಮುಂದಿನ 200 ವರ್ಷ ತಗ್ಗಿ ಬದುಕಿದರು. ಅವರನ್ನು ಹೊರಹಾಕುವ ಕೆಲಸದಲ್ಲಿ ಪಾಲಿದ್ದ ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಮಾಂಕ್ಟನ್ ಹೆಸರೇ ಊರಿಗಿದೆ. 1963ರಲ್ಲಿ ಶುರುವಾದ ಫ್ರೆಂಚ್ ವಿಶ್ವವಿದ್ಯಾಲಯಕ್ಕೂ ಅದೇ ಹೆಸರು!

ಈ ವಿಶ್ವವಿದ್ಯಾಲಯ ಬಂದ ಮೇಲೆ ಕತೆ ತಿರುಗಿತು. ಅಷ್ಟರಲ್ಲಿ, 1960ರಲ್ಲೇ, ಲೂಯಿ ರೋಬಿಶೋ ಪ್ರಾಂತ್ಯದ ಮುಖ್ಯಸ್ಥರಾಗಿ ಆರಿಸಿಬಂದಿದ್ದರು. ಆ ಸ್ಥಾನಕ್ಕೆ ಚುನಾಯಿತರಾದ ಮೊದಲ ಅಕೇಡಿಯನ್ ಅವರು. ಆದರೆ ಮಾಂಕ್ಟನ್ ನಗರಸಭೆಯಲ್ಲಿ ಫ್ರೆಂಚ್‌ಗೆ ಜಾಗವಿರಲಿಲ್ಲ. 1968ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ಮೆರವಣಿಗೆ ಹೊರಟು ನಗರಸಭೆಯ ಬಾಗಿಲಿಗೇ ಹೋದರು. ಕೇಳಿದ್ದು ದೊಡ್ಡದೇನಲ್ಲ: ತೆರಿಗೆ ಕಟ್ಟುವ ಊರಲ್ಲಿ ತಮ್ಮ ಭಾಷೆಯಲ್ಲಿ ಸೇವೆ. ಸಿಕ್ಕಿದ್ದು ಬಿಗಿ ಮುಖ. ಸಿಟ್ಟಾದ ವಿದ್ಯಾರ್ಥಿಗಳು ಮೇಯರ್ ಮನೆಗೆ ಹಂದಿಯ ತಲೆ ಒಯ್ದದ್ದೂ ಆಯಿತು. ಅದು ಅತಿಯಾಯಿತು, ನಿಜ. ಆದರೆ ಮರ್ಯಾದೆಯಿಂದ ಕೇಳಿದಾಗ ಯಾರೂ ಕಿವಿಗೊಟ್ಟಿರಲಿಲ್ಲ ಅಲ್ವಾ? 1969ರಲ್ಲಿ ಪ್ರಾಂತ್ಯ ಎರಡೂ ಭಾಷೆಗೆ ಸಮಾನ ಸ್ಥಾನದ ಕಾನೂನು ತಂದಿತು. ನಗರಸಭೆ ಮಾತ್ರ ಇನ್ನೂ ಮೂರು ದಶಕ ತೆಗೆದುಕೊಂಡಿತು.

ನಡುವೆ ಹೊಟ್ಟೆಪಾಡೂ ಕೆಲಸ ಮಾಡಿತು. 1980ರ ದಶಕದ ಕೊನೆಗೆ ರೈಲ್ವೆ ಕಾರ್ಖಾನೆ ಮುಚ್ಚಿತು. ಆಮೇಲೆ ಬಂದ ಕಾಲ್ ಸೆಂಟರ್‌ಗಳಿಗೆ ಎರಡೂ ಭಾಷೆ ಬಲ್ಲವರೇ ಬೇಕಾದರು. ಹೊರೆ ಅನ್ನಿಸಿದ್ದ ಭಾಷೆ ಆಗ ಬಂಡವಾಳವಾಯಿತು. 1999ರಲ್ಲಿ ಫ್ರೆಂಚ್ ಮಾತಾಡುವ ದೇಶಗಳ ಶೃಂಗಸಭೆ ಇಲ್ಲೇ ನಡೆಯಿತು. 2001ರಲ್ಲಿ ಕೋರ್ಟು, ನಗರಸಭೆಯ ನಿಯಮಗಳು ಎರಡೂ ಭಾಷೆಯಲ್ಲಿರಬೇಕು ಎಂದಿತು. ಮರುವರ್ಷ ಮಾಂಕ್ಟನ್ ತನ್ನನ್ನು ದ್ವಿಭಾಷಾ ನಗರ ಎಂದು ಘೋಷಿಸಿಕೊಂಡಿತು. ಈಗ ಪ್ರವಾಸಿಗರಿಗೆ ಹೇಳಿಕೊಳ್ಳುವ ಹೆಮ್ಮೆಯೇ ಅದು.

ಅಂಗಡಿ ಬೋರ್ಡಿನ ತಕರಾರು ಬೇರೆ. ಡಿಯೆಪ್ 2010ರಲ್ಲಿ ಹೊಸ ಬೋರ್ಡುಗಳು ಎರಡೂ ಭಾಷೆಯಲ್ಲಿರಲಿ ಎಂದು ನಿಯಮ ಮಾಡಿತು. ಮಾಂಕ್ಟನ್‌ನ ಘೋಷಣೆ ನಗರಸಭೆಯ ಕೆಲಸಕ್ಕೆ ಸಂಬಂಧಿಸಿದ್ದು, ಅಂಗಡಿಯವರನ್ನು ಕಟ್ಟಿಹಾಕುವುದಿಲ್ಲ. ವಿಶ್ವವಿದ್ಯಾಲಯದ ಹೆಸರು ಬದಲಿಸಿ ಎಂಬ ಒತ್ತಾಯವೂ 2023ರಲ್ಲಿ ಮತ್ತೆ ಜೋರಾಯಿತು.