ಡೋಮ್ ಬೇರೆ, ಕ್ಯಾನೊಪಿ ಬೇರೆ

"ಬಫಲೋ ಬಿಲ್ಸ್ ತಂಡಕ್ಕೆ ಹೊಸ ಡೋಮ್ ಆಯ್ತಂತೆ." ಈ ಮಾತನ್ನು ಓದಿ ಓದಿ ಸಾಕಾಗಿದೆ. ಆಗಿಲ್ಲ. ಬಿಲ್ಸ್ ಅಂದರೆ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ. ಊರಿನ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ 2026ರ ಸೀಸನ್‌ಗೆಂದು ಕಟ್ಟಿದ ಹೊಸ ಹೈಮಾರ್ಕ್ ಸ್ಟೇಡಿಯಂ ಡೋಮ್ ಅಲ್ಲವೇ ಅಲ್ಲ. ಆಟದ ಅಂಗಳದ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿರುವುದು ಕ್ಯಾನೊಪಿ. ಅದು ಸೀಟುಗಳ ಮೇಲೆ ಚಾಚಿಕೊಂಡಿದೆ, ಅದೂ ಸುಮಾರು ಶೇಕಡಾ 65ರಷ್ಟು ಸೀಟುಗಳ ಮೇಲೆ ಮಾತ್ರ.

ಇದು ಬರೀ ಪದದ ತಕರಾರು ಅನ್ನಬೇಡಿ. ಚಳಿ ಊರಿನ ಫುಟ್‌ಬಾಲ್ ಸ್ಟೇಡಿಯಂಗೆ ಚಾವಣಿ ಬೇಕಾ ಬೇಡ್ವಾ ಅನ್ನುವ ಚರ್ಚೆ ಅಮೆರಿಕದಲ್ಲಿ ದಶಕಗಳಿಂದ ನಡೆದಿದೆ. ಅಲ್ಲಿರುವ ನಮ್ಮವರೂ ಅದರಲ್ಲಿ ಜೋರಾಗಿಯೇ ಸೇರಿಕೊಳ್ಳುತ್ತಾರೆ. ಆದರೆ ಒಬ್ಬರು ಮಾತಾಡುವುದು ಪ್ರೇಕ್ಷಕರ ತಲೆ ಮೇಲಿನ ಚಾವಣಿ ಬಗ್ಗೆ, ಇನ್ನೊಬ್ಬರು ಅಂಗಳದ ಮೇಲಿನ ಚಾವಣಿ ಬಗ್ಗೆ. ಇಬ್ಬರ ಬಾಯಲ್ಲೂ "ಡೋಮ್" ಅನ್ನುವ ಒಂದೇ ಪದ. ಹಾಗಿರುವಾಗ ಜಗಳ ಮುಗಿಯುವುದಾದರೂ ಹೇಗೆ?

ಪದದ ಮೂಲ ನೋಡಿದರೆ ಗೊಂದಲ ಹಳೆಯದು ಅಂತ ಗೊತ್ತಾಗುತ್ತದೆ. ಲ್ಯಾಟಿನ್‌ನಲ್ಲಿ "ಡೋಮುಸ್" ಅಂದರೆ ಮನೆ. ದುಂಡಗಿನ ಆಕಾರಕ್ಕೂ ಆ ಪದಕ್ಕೂ ಸಂಬಂಧವೇ ಇರಲಿಲ್ಲ. ಇಟಲಿಯವರು ಊರಿನ ದೊಡ್ಡ ಚರ್ಚನ್ನು ದೇವರ ಮನೆ ಅನ್ನುವ ಅರ್ಥದಲ್ಲಿ "ದುವೊಮೊ" ಅಂದರು. ಫ್ಲಾರೆನ್ಸ್‌ನ ದುವೊಮೊ ಮೇಲೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ 1436ರಲ್ಲಿ ಮುಗಿಯಿತು. ಇಂಥ ಚರ್ಚುಗಳಲ್ಲಿ ದೂರದಿಂದ ಕಾಣುವುದೇ ಗುಮ್ಮಟ. ಮನೆಯ ಹೆಸರು ನಿಧಾನಕ್ಕೆ ಮನೆಯ ತಲೆಗೆ ಅಂಟಿಕೊಂಡಿತು. ಫ್ರೆಂಚ್ ಮೂಲಕ ಇಂಗ್ಲಿಷ್‌ಗೆ ಬಂದ ಮೇಲೂ ಕೆಲವು ಕಾಲ ಎರಡೂ ಅರ್ಥ ಜೊತೆಗಿದ್ದವು. ಕೊನೆಗೆ ಉಳಿದಿದ್ದು ದುಂಡು ಚಾವಣಿ.

1965ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ತೆರೆಯಿತು. ಅದು ನಿಜಕ್ಕೂ ದುಂಡು ಚಾವಣಿಯ ಕಟ್ಟಡ, ಹೆಸರು ಸರಿಯಾಗಿಯೇ ಇತ್ತು. ಆಮೇಲೆ ಒಳಾಂಗಣದಲ್ಲಿ ಆಡುವ ಪ್ರತಿ ಸ್ಟೇಡಿಯಂಗೂ "ಡೋಮ್" ಹೆಸರು ಬಂತು, ಅದರ ಚಾವಣಿ ಚಪ್ಪಟೆ ಇರಲಿ, ಚೂಪಾಗಿರಲಿ. ಅಂದರೆ ಪದ ಸುತ್ತಿ ಬಳಸಿ ಮತ್ತೆ "ಮನೆ" ಅರ್ಥಕ್ಕೇ ಬಂದು ನಿಂತಿದೆ. ಈಗ ಡೋಮ್ ಅಂದರೆ ಆಟವನ್ನು ಮನೆಯೊಳಗೆ ತಂದ ಸ್ಟೇಡಿಯಂ. ಇದನ್ನು ನಾನು ಒಪ್ಪುತ್ತೇನೆ, ಬಳಕೆ ಹಾಗೆ ನಿಂತಿದೆ. ಅದಕ್ಕೇ ಕನ್ನಡದಲ್ಲಿ "ಗುಮ್ಮಟ ಸ್ಟೇಡಿಯಂ" ಅಂತ ಅನುವಾದಿಸುವುದು ಸರಿಯಲ್ಲ. ಪರ್ಷಿಯನ್ ಗುಂಬದ್‌ನಿಂದ ಬಂದ ಗುಮ್ಮಟ ಇವತ್ತಿಗೂ ಆಕಾರವನ್ನೇ ಹೇಳುವ ಪದ. ಅದನ್ನು ಓದಿದ ಕನ್ನಡಿಗರ ಕಣ್ಣಿಗೆ ಬರುವುದು ವಿಜಯಪುರದ ಗೋಳಗುಮ್ಮಟ. ಮಿನಿಯಾಪೊಲಿಸ್‌ನ ಯುಎಸ್ ಬ್ಯಾಂಕ್ ಸ್ಟೇಡಿಯಂ ಫೋಟೋ ಒಮ್ಮೆ ನೋಡಿ. ಇಡೀ ಕಟ್ಟಡದಲ್ಲಿ ಒಂದು ದುಂಡು ಗೆರೆ ಹುಡುಕುವುದೂ ಕಷ್ಟ. "ಮುಚ್ಚಿದ ಸ್ಟೇಡಿಯಂ" ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು ಕ್ಯಾನೊಪಿ. ಗ್ರೀಕ್‌ನಲ್ಲಿ "ಕೊನೊಪ್ಸ್" ಅಂದರೆ ಸೊಳ್ಳೆ. "ಕೊನೊಪಿಯಾನ್" ಅಂದರೆ ಸೊಳ್ಳೆ ಪರದೆ ಕಟ್ಟಿದ ಮಂಚ. ಮಂಚದ ಮೇಲಿನ ಪರದೆಯೇ ಮುಂದೆ ಸಿಂಹಾಸನದ ಮೇಲಿನ ಮೇಲ್ಕಟ್ಟಾಯಿತು, ಕೊನೆಗೆ ಗ್ಯಾಲರಿ ಮೇಲಿನ ಚಾಚು ಚಾವಣಿಯಾಯಿತು. ಮೊದಲಿಂದ ಕೊನೆವರೆಗೂ ಒಂದು ಅರ್ಥ ಮಾತ್ರ ಬದಲಾಗಲಿಲ್ಲ: ಅದು ಕೂತವರ, ಮಲಗಿದವರ ತಲೆ ಮೇಲೆ ಇರುವಂಥದ್ದು. ಇಡೀ ಜಾಗವನ್ನು ಮುಚ್ಚುವಂಥದ್ದಲ್ಲ. ಕನ್ನಡದಲ್ಲಿ ಇದಕ್ಕೆ ಚಪ್ಪರ ಅನ್ನುವ ಸೊಗಸಾದ ಪದವಿದೆ. ಮೇಲೆ ಹೊದಿಕೆ, ಪಕ್ಕದಲ್ಲಿ ಗೋಡೆ ಇಲ್ಲ. ಬಫಲೋದವರು ಕಟ್ಟಿರುವುದು ಉಕ್ಕಿನ ಚಪ್ಪರ.

ಸೊಳ್ಳೆಯ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಹ್ಯೂಸ್ಟನ್‌ನವರು ಡೋಮ್ ಕಟ್ಟಿದ್ದು ಚಳಿಗೆ ಹೆದರಿ ಅಲ್ಲ, ಸೆಕೆ ಮತ್ತು ಸೊಳ್ಳೆ ಕಾಟಕ್ಕೆ. ಒಳಗೆ ನಿಜವಾದ ಹುಲ್ಲು ಬೆಳೆಯಲಿ ಅಂತ ಚಾವಣಿಗೆ ಪಾರದರ್ಶಕ ಹಲಗೆಗಳನ್ನು ಹಾಕಿದ್ದರು. ಅವುಗಳಿಂದ ಇಳಿದ ಬಿಸಿಲಿನ ಪ್ರಖರತೆಗೆ ಬೇಸ್‌ಬಾಲ್ ಆಟಗಾರರಿಗೆ ಮೇಲೆ ಹೋದ ಚೆಂಡು ಕಾಣದಾಯಿತು. ಹಲಗೆಗಳಿಗೆ ಬಣ್ಣ ಬಳಿದರು. ಬೆಳಕು ಕಮ್ಮಿಯಾಗಿ ಹುಲ್ಲು ಸತ್ತಿತು. 1966ರಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದರು, ಅದಕ್ಕೆ ಆಸ್ಟ್ರೋಟರ್ಫ್ ಅನ್ನುವ ಹೆಸರು ಬಂತು. ಅಂಗಳದ ಮೇಲೆ ಚಾವಣಿ ಹಾಕುವುದು ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮೇಲೆ ಮುಚ್ಚಿದರೆ ಕೆಳಗಿನದೆಲ್ಲ ಬದಲಾಗುತ್ತದೆ.

ಯುರೋಪಿನಲ್ಲಿ ಈ ಗೊಂದಲ ಕಮ್ಮಿ. ಇಂಗ್ಲೆಂಡಿನಲ್ಲಿ ಸ್ಟೇಡಿಯಂಗೆ ಚಾವಣಿ ಇದೆಯಾ ಅಂದರೆ ಗ್ಯಾಲರಿಗೆ ಇದೆಯಾ ಅಂತಲೇ ಸಾಮಾನ್ಯ ಅರ್ಥ. ಚೆಂಡು ಒದೆಯುವವರು ಮಳೆಯಲ್ಲಿ ನೆನೆಯಲಿ, ದುಡ್ಡು ಕೊಟ್ಟು ಬಂದವರು ನೆನೆಯಬಾರದು ಅನ್ನುವ ಲೆಕ್ಕ. ಅಂಗಳವನ್ನೂ ಮುಚ್ಚಬೇಕು ಅಂತ ಹೊರಟ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನವರು 2001ರಲ್ಲಿ ತೆರೆದ ತಮ್ಮ ಸ್ಟೇಡಿಯಂನಲ್ಲಿ ಹುಲ್ಲಿನ ಅಂಗಳವನ್ನೇ ಬಿಸಿಲಿಗೆ ಹೊರಗೆ ಜಾರಿಸುವ ವ್ಯವಸ್ಥೆ ಮಾಡಬೇಕಾಯಿತು.

ಮುಚ್ಚಿದ ಸ್ಟೇಡಿಯಂಗಳಲ್ಲೂ ಎಲ್ಲ ಚಾವಣಿ ಒಂದೇ ಅಲ್ಲ. ಮಿನಿಯಾಪೊಲಿಸ್‌ನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1982ರಲ್ಲಿ ತೆರೆದ ಮೆಟ್ರೋಡೋಮ್‌ನ ಚಾವಣಿ ನಿಂತಿದ್ದು ಗಾಳಿಯ ಒತ್ತಡದ ಮೇಲೆ. ಟೆಫ್ಲಾನ್ ಲೇಪಿಸಿದ ಫೈಬರ್‌ಗ್ಲಾಸ್ ಬಟ್ಟೆ, ಅದನ್ನು ಕೆಳಗಿಂದ ಉಬ್ಬಿಸಿ ಹಿಡಿಯುವ ದೊಡ್ಡ ದೊಡ್ಡ ಫ್ಯಾನ್‌ಗಳು. ಗಾಳಿ ಸೋರಬಾರದು ಅಂತ ತಿರುಗುವ ಬಾಗಿಲುಗಳು. ಹಿಮ ಕರಗಿಸಲು ಎರಡು ಪದರಗಳ ನಡುವೆ ಬಿಸಿ ಗಾಳಿ ಬಿಡುತ್ತಿದ್ದರು. 2010ರ ಡಿಸೆಂಬರ್‌ನಲ್ಲಿ ಸುಮಾರು 17 ಇಂಚು ಹಿಮ ಬಿತ್ತು. ಬಿರುಗಾಳಿಗೆ ಚಾವಣಿ ಹತ್ತಿದ್ದ ಕೆಲಸಗಾರರು ಇಳಿಯಲೇಬೇಕಾಯಿತು. 12ರ ಬೆಳಗಿನ ಜಾವ ಬಟ್ಟೆ ಜೋತುಬಿದ್ದು ಹರಿಯಿತು. ಒಳಗೆ ಇಟ್ಟಿದ್ದ ಟಿವಿ ಕ್ಯಾಮೆರಾಗಳಲ್ಲಿ ಆ ದೃಶ್ಯ ಪೂರ್ತಿ ಸೆರೆಯಾಗಿದೆ: ಚಾವಣಿ ಸೀಳುತ್ತದೆ, ರಾಶಿ ಹಿಮ ಅಂಗಳದ ಮೇಲೆ ಸುರಿಯುತ್ತದೆ. ಅಲ್ಲಿ ನಡೆಯಬೇಕಿದ್ದ ಮ್ಯಾಚ್ ಡೆಟ್ರಾಯಿಟ್‌ಗೆ ಹೋಯಿತು. ಚಳಿಯಿಂದ ಕಾಪಾಡಲು ಕಟ್ಟಿದ ಚಾವಣಿ ಚಳಿಗಾಲದಲ್ಲೇ ಬಿತ್ತು.

ಅದೇ ಜಾಗದಲ್ಲಿ 2016ರಲ್ಲಿ ತೆರೆದ ಯುಎಸ್ ಬ್ಯಾಂಕ್ ಸ್ಟೇಡಿಯಂ ಪಾಠ ಕಲಿತಿದೆ. ಮಲೆನಾಡಿನ ಹೆಂಚಿನ ಮನೆಯ ಮಾಡು ಮಳೆ ನೀರನ್ನು ಜಾರಿಸುವ ಹಾಗೆ ಅದರ ಕಡಿದಾದ ಚಾವಣಿ ಹಿಮವನ್ನು ಜಾರಿಸುತ್ತದೆ. ದಕ್ಷಿಣದ ಕಡೆ ಪಾರದರ್ಶಕ ಹಾಳೆ ಇದೆ, ಬಿಸಿಲು ಒಳಗೆ ಬರುತ್ತದೆ.

ತೆರೆದು ಮುಚ್ಚುವ ಚಾವಣಿ ಇದ್ದರೆ ಎರಡೂ ಸಿಗುತ್ತದಲ್ವಾ ಅಂತ ಕೇಳುವವರು ಮಾಂಟ್ರಿಯಲ್ ಕಡೆ ನೋಡಬೇಕು. 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂ ಅದು. ಬಟ್ಟೆಯನ್ನು ಗೋಪುರಕ್ಕೆ ಎಳೆದುಕೊಂಡು ತೆರೆಯುವ ಚಾವಣಿ ಒಲಿಂಪಿಕ್ಸ್ ಹೊತ್ತಿಗೆ ತಯಾರಾಗಲೇ ಇಲ್ಲ. ಅದು ಬಂದಿದ್ದು 1987ರಲ್ಲಿ. ಮತ್ತೆ ಮತ್ತೆ ಹರಿಯಿತು. ಅದನ್ನು ತೆಗೆದು ಹಾಕಿದ ಇನ್ನೊಂದು ಚಾವಣಿ 1999ರ ಜನವರಿಯಲ್ಲಿ ಹಿಮದ ಭಾರಕ್ಕೆ ಸೀಳಿತು. ಆಮೇಲೆ ಚಾವಣಿ ಮೇಲೆ 3 ಸೆಂಟಿಮೀಟರ್‌ಗಿಂತ ಜಾಸ್ತಿ ಹಿಮ ಇದ್ದರೆ ಒಳಗೆ ಕಾರ್ಯಕ್ರಮವೇ ಇಲ್ಲ ಅನ್ನುವ ಸ್ಥಿತಿ ಬಂತು. ಚಳಿ ಊರಿನಲ್ಲಿ ಚಾವಣಿ ಇದೆ, ಆದರೆ ಹಿಮ ಬಿದ್ದ ದಿನ ಸ್ಟೇಡಿಯಂ ಬಂದ್! 2024ರಲ್ಲಿ 87 ಕೋಟಿ ಕೆನಡಾ ಡಾಲರ್ ಖರ್ಚಿನಲ್ಲಿ ಹೊಸ ಚಾವಣಿ ಹಾಕುವ ತೀರ್ಮಾನವಾಯಿತು. ಈ ಸಲ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಸ್ಥಿರ ಚಾವಣಿ.

ಇನ್ನೊಂದು ತಪ್ಪು ಬಳಕೆ "ಹೀಟೆಡ್ ಸ್ಟೇಡಿಯಂ". ಅಂಗಳದ ಅಡಿಯಲ್ಲಿ ಬಿಸಿ ಕೊಳವೆ ಹಾಕಿದರೆ ನೆಲ ಗಟ್ಟಿಯಾಗುವುದಿಲ್ಲ, ಅಷ್ಟೇ. ಕೂತವರಿಗೆ ಅದರಿಂದ ಏನೂ ಇಲ್ಲ. ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್‌ನಲ್ಲಿ 1967ರಲ್ಲೇ ನೆಲದ ಅಡಿ ಬಿಸಿ ತಂತಿಗಳಿದ್ದವು. ಆ ವರ್ಷ ಡಿಸೆಂಬರ್ 31ರಂದು, ಐಸ್ ಬೌಲ್ ಅಂತ ಹೆಸರಾದ ಮ್ಯಾಚ್ ದಿನ, ಸುಮಾರು ಮೈನಸ್ 25 ಡಿಗ್ರಿ ಸೆಲ್ಸಿಯಸ್ ಇತ್ತು. ತಂತಿಗಳು ಕೈಕೊಟ್ಟವು, ಅಂಗಳ ಮಂಜುಗಡ್ಡೆಯಾಯಿತು. ರೆಫರಿಯ ಲೋಹದ ವಿಸಲ್ ತುಟಿಗೆ ಅಂಟಿಕೊಂಡಿತು, ಮ್ಯಾಚ್ ಉಳಿದ ಹೊತ್ತು ಬರೀ ಬಾಯಿಮಾತಿನಲ್ಲಿ ನಡೆಯಿತು. ಗ್ರೀನ್ ಬೇಯ ತಂಡ ಪ್ಯಾಕರ್ಸ್ ಕೊನೆಯ ಸೆಕೆಂಡುಗಳಲ್ಲಿ ಡಲ್ಲಾಸ್ ವಿರುದ್ಧ 21-17ರಲ್ಲಿ ಗೆದ್ದರು.

ಚಾವಣಿ ಬೇಡ ಅನ್ನುವವರು ಮೊದಲು ಎತ್ತುವುದೇ ಈ ಮ್ಯಾಚನ್ನು. ಆಟಗಾರರ ಮಟ್ಟಿಗೆ ನಾನೂ ಅವರ ಕಡೆಯೇ. ಹಿಮದಲ್ಲಿ ಚೆಂಡು ಜಾರುವುದು, ಗಾಳಿಗೆ ಕಿಕ್ ವಾಲುವುದು, ಬಿಸಿಲೂರಿನ ತಂಡ ಬಂದು ತಡವರಿಸುವುದು, ಇವೆಲ್ಲ ಆ ಆಟದ ಭಾಗ. ಆದರೆ ಅದೇ ವಾದವನ್ನು ಪ್ರೇಕ್ಷಕರಿಗೂ ಅನ್ವಯಿಸುವುದು ನನಗೆ ಒಪ್ಪಿಗೆಯಿಲ್ಲ. 2024ರ ಜನವರಿ 13ರಂದು ಕಾನ್ಸಾಸ್ ಸಿಟಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ಪ್ಲೇಆಫ್ (ನಾಕೌಟ್) ಮ್ಯಾಚ್ ನಡೆಯಿತು. ಫ್ರಾಸ್ಟ್‌ಬೈಟ್ ಆಗಿ, ಅಂದರೆ ಚಳಿಗೆ ಮೈ ಹೆಪ್ಪುಗಟ್ಟಿ, ಆಸ್ಪತ್ರೆ ಸೇರಿದವರಲ್ಲಿ ಕೆಲವರ ಬೆರಳುಗಳನ್ನು ವಾರಗಟ್ಟಲೆ ಆದಮೇಲೆ ಕತ್ತರಿಸಬೇಕಾಯಿತು. ಆಟಗಾರರಿಗೆ ಬದಿಯಲ್ಲಿ ಹೀಟರ್ ಇರುತ್ತದೆ, ಓಡಾಟವಿರುತ್ತದೆ. ಮೂರು ಗಂಟೆ ಅಲುಗಾಡದೆ ಕೂರುವವರಿಗೆ ಏನಿದೆ? ಅವರಿಗೆ ಬೇಕಾಗಿರುವುದು ಗಾಳಿ ಮತ್ತು ಹಿಮದಿಂದ ಮರೆ. ಚಪ್ಪರ ಕೊಡುವುದು ಅದನ್ನೇ. ಬೆಚ್ಚಗೆ ಇಡುತ್ತದೆ ಅಂತಲ್ಲ, ಹಿಮ ಬೀಳದ ಹಾಗೆ ನೋಡಿಕೊಳ್ಳುತ್ತದೆ, ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಬಫಲೋದ್ದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ನನ್ನ ದೂರು ಒಂದೇ: ಉಳಿದ ಶೇಕಡಾ 35 ಸೀಟುಗಳನ್ನೂ ಮುಚ್ಚಬೇಕಿತ್ತು.

"ಡೋಮ್ ಇದ್ದಿದ್ದರೆ ಬಫಲೋದ ಮ್ಯಾಚ್‌ಗಳು ಬೇರೆ ಊರಿಗೆ ಹೋಗುತ್ತಿರಲಿಲ್ಲ" ಅನ್ನುವುದು ಪದೇ ಪದೇ ಕೇಳುವ ಮಾತು. 2022ರ ನವೆಂಬರ್‌ನಲ್ಲಿ ಲೇಕ್ ಎಫೆಕ್ಟ್ ಹಿಮ, ಅಂದರೆ ಎರಿ ಸರೋವರದ ಮೇಲೆ ಹಾದುಬಂದ ತಣ್ಣನೆ ಗಾಳಿ ಸುರಿಸಿದ ಹಿಮ, ಆರ್ಚರ್ಡ್ ಪಾರ್ಕ್‌ನಲ್ಲಿ 6 ಅಡಿಗೂ ಜಾಸ್ತಿ ಬಿತ್ತು. ಮ್ಯಾಚ್ ಡೆಟ್ರಾಯಿಟ್‌ಗೆ ಹೋಯಿತು. ರಸ್ತೆಯಲ್ಲಿ ವಾಹನ ಓಡಿಸುವುದಕ್ಕೇ ನಿಷೇಧ ಇತ್ತು. ಜನ ಮನೆ ಬಾಗಿಲು ತೆಗೆಯಲು ಆಗದೆ ಕೂತಿದ್ದರು. ಸ್ಟೇಡಿಯಂಗೆ ಚಾವಣಿ ಇದ್ದರೆ ಹೆದ್ದಾರಿಗೆ ಚಾವಣಿ ಬರುತ್ತದಾ? 2024ರ ಜನವರಿಯಲ್ಲಿ ಪ್ಲೇಆಫ್ ಮ್ಯಾಚ್ ಒಂದು ದಿನ ಮುಂದೆ ಹೋಗಿದ್ದಕ್ಕೂ ಮುಖ್ಯ ಕಾರಣ ಜನ ರಸ್ತೆಗಿಳಿಯುವುದು ಅಪಾಯ ಅನ್ನುವುದೇ. ಗಂಟೆಗೆ 20 ಡಾಲರ್ ಕೊಟ್ಟು ಹಿಮ ಎತ್ತಲು ಊರಿನವರನ್ನೇ ಕರೆದರು. ಆದರೂ ಎಷ್ಟೋ ಸೀಟುಗಳ ಮೇಲೆ ಹಿಮ ಉಳಿದಿತ್ತು. ಜನ ಅದರಲ್ಲೇ ಜಾಗ ಮಾಡಿಕೊಂಡು ನಿಂತರು. ಸೀಟಿನ ಮೇಲಿನ ಹಿಮಕ್ಕೆ ಚಪ್ಪರ ಸಾಕು. ರಸ್ತೆಯ ಹಿಮಕ್ಕೆ ಡೋಮ್ ಕೂಡ ಸಾಲದು.

ಹಾಗಾದರೆ ಅಂಗಳವನ್ನು ಯಾಕೆ ಮುಚ್ಚುತ್ತಾರೆ? ಚಳಿಗಿಂತ ಜಾಸ್ತಿ, ಕ್ಯಾಲೆಂಡರ್‌ಗಾಗಿ. ಎನ್‌ಎಫ್‌ಎಲ್, ಅಂದರೆ ಅಮೆರಿಕದ ಫುಟ್‌ಬಾಲ್ ಲೀಗಿನ, ಒಂದು ತಂಡ ತವರಿನಲ್ಲಿ ಆಡುವ ಲೀಗ್ ಮ್ಯಾಚ್ ವರ್ಷಕ್ಕೆ 8 ಅಥವಾ 9. ಉಳಿದ ದಿನ ಕಟ್ಟಡ ಖಾಲಿ. ಮುಚ್ಚಿದರೆ ಜನವರಿಯಲ್ಲೂ ಸಂಗೀತ ಕಾರ್ಯಕ್ರಮ, ಬ್ಯಾಸ್ಕೆಟ್‌ಬಾಲ್, ವಸ್ತುಪ್ರದರ್ಶನಕ್ಕೆ ಬಾಡಿಗೆಗೆ ಕೊಡಬಹುದು. ಲೀಗಿನ ಫೈನಲ್ ಆದ ಸೂಪರ್ ಬೌಲ್ ಕೂಡ ಬರಬಹುದು. ಪಾಂಟಿಯಾಕ್, ಮಿನಿಯಾಪೊಲಿಸ್, ಡೆಟ್ರಾಯಿಟ್, ಇಂಡಿಯಾನಾಪೊಲಿಸ್, ಈ ಚಳಿ ಊರುಗಳಿಗೆಲ್ಲ ಸೂಪರ್ ಬೌಲ್ ಬಂದಿದ್ದು ಮುಚ್ಚಿದ ಸ್ಟೇಡಿಯಂ ಇದ್ದಿದ್ದಕ್ಕೆ. ಚಳಿ ಊರಿನ ತೆರೆದ ಸ್ಟೇಡಿಯಂನಲ್ಲಿ ನಡೆದಿದ್ದು 2014ರಲ್ಲಿ, ನ್ಯೂಜೆರ್ಸಿಯಲ್ಲಿ. ಆ ದಿನ ಸುಮಾರು 9 ಡಿಗ್ರಿ ಇತ್ತು, ಹಿಮಪಾತ ಮಾರನೇ ದಿನ ಬಂತು.

ಎರಿ ಸರೋವರದ ಇನ್ನೊಂದು ಊರು ಕ್ಲೀವ್‌ಲ್ಯಾಂಡ್ ಆರಿಸಿಕೊಂಡಿರುವುದು ಈ ದಾರಿಯನ್ನು. ಅಲ್ಲಿನ ಬ್ರೌನ್ಸ್ ತಂಡ ಸರೋವರದ ದಡದ ತೆರೆದ ಸ್ಟೇಡಿಯಂ ಬಿಟ್ಟು ಬ್ರೂಕ್ ಪಾರ್ಕ್‌ಗೆ ಹೊರಟಿದೆ. ಅಲ್ಲಿನದು ಬೆಳಕು ಬಿಡುವ ಸ್ಥಿರ ಚಾವಣಿ, ಪೂರ್ತಿ ಮುಚ್ಚಿದ ಕಟ್ಟಡ. ಸುತ್ತ ಹೋಟೆಲ್, ಅಂಗಡಿ, ಅಪಾರ್ಟ್‌ಮೆಂಟ್‌ಗಳ ಯೋಜನೆಯೂ ಇದೆ. ಓಹಾಯೋ ಸರ್ಕಾರ 2025ರ ಬಜೆಟ್‌ನಲ್ಲಿ ಇದಕ್ಕೆ 60 ಕೋಟಿ ಡಾಲರ್ ಒಪ್ಪಿತು. ಬಫಲೋದ ಸ್ಟೇಡಿಯಂಗೆ ನ್ಯೂಯಾರ್ಕ್ ರಾಜ್ಯ ಒಪ್ಪಿದ್ದೂ 60 ಕೋಟಿ. ಅದರ ಮೇಲೆ ಎರಿ ಕೌಂಟಿಯದು 25 ಕೋಟಿ. ಬಫಲೋದ ಜನಕ್ಕೆ ಸಿಕ್ಕಿದ್ದು ಚಪ್ಪರ. ಬ್ರೂಕ್ ಪಾರ್ಕ್‌ನಲ್ಲಿ ಬರುವುದು ವರ್ಷವಿಡೀ ಬಾಡಿಗೆಗೆ ಹೋಗಬೇಕಾದ ದೊಡ್ಡ ಹಾಲ್. ಅದನ್ನು ಡೋಮ್ ಅನ್ನಿ, ನನ್ನದೇನೂ ತಕರಾರಿಲ್ಲ. ಅಲ್ಲಿ ಕೇಳಬೇಕಾದ್ದು ಒಳಗೆ ಎಷ್ಟು ಬೆಚ್ಚಗಿರುತ್ತದೆ ಅಂತಲ್ಲ, ಫುಟ್‌ಬಾಲ್ ಇಲ್ಲದ ದಿನಗಳಲ್ಲಿ ಎಷ್ಟು ದಿನ ಬುಕ್ ಆಗುತ್ತದೆ, ಆ ಬಾಡಿಗೆ ಯಾರ ಕೈಗೆ ಹೋಗುತ್ತದೆ ಅಂತ.