ಇಳಿಜಾರಿನ ಲೆಕ್ಕ

ಮೊದಲ ಸಲ ದೊಡ್ಡ ಚಾರಣಕ್ಕೆ ಹೊರಟಾಗ ಮೂರು ತಿಂಗಳು ಮೊದಲೇ ತಯಾರಿ ಶುರು ಮಾಡಿದ್ದೆ. ದಿನಾ ಸಂಜೆ ಹತ್ತು ಮಹಡಿ ಮೆಟ್ಟಿಲು ಹತ್ತುವುದು, ಲಿಫ್ಟ್‌ನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ಇಳಿಯುವಾಗ ಮಂಡಿ ಸವೆಯುತ್ತದೆ ಅಂತ ಯಾರೋ ಹೇಳಿದ್ದರು, ಅದಕ್ಕೇ ಲಿಫ್ಟ್. ನನಗೂ ಅದು ಸರಿ ಅನ್ನಿಸಿತ್ತು. ಇಳಿಯುವುದರಲ್ಲಿ ಏನು ಮಹಾ ಶ್ರಮ? ಅದು ತಾನಾಗೇ ಆಗುತ್ತದೆ, ಅಲ್ವಾ?

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಏರು ಮುಗಿಯಿತು. ಏದುಸಿರು ಬಂತು, ಆದರೆ ಎಲ್ಲೂ ನಿಲ್ಲದೆ ಹತ್ತಿದೆ. ನನ್ನ ಬಗ್ಗೆ ನನಗೇ ಹೆಮ್ಮೆ. ಆಮೇಲೆ ಶುರುವಾದದ್ದು ಸಾವಿರ ಮೀಟರ್‌ಗೂ ಮಿಕ್ಕಿದ ಇಳಿಜಾರು. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ನಡುಗತೊಡಗಿತು. ಹೆಜ್ಜೆ ಇಟ್ಟ ಕಡೆ ಕಾಲು ನಿಲ್ಲುತ್ತಿಲ್ಲ. ಮರುದಿನ ಬೆಳಿಗ್ಗೆ ಟೆಂಟ್ ಪಕ್ಕದ ಮೊಣಕಾಲೆತ್ತರದ ಬಂಡೆ ಇಳಿಯಲು ಹಿಮ್ಮುಖವಾಗಿ ತಿರುಗಿ, ಎರಡೂ ಕೈ ಊರಿ, ಮಗು ಮಂಚದಿಂದ ಇಳಿಯುವ ಹಾಗೆ ಇಳಿದೆ. ಜೊತೆಯವರು ನಗುತ್ತಲೇ ನನ್ನ ಬ್ಯಾಗಿನ ಸಾಮಾನು ಹಂಚಿಕೊಂಡರು. ಉಸಿರು ಸರಿಯಾಗೇ ಇತ್ತು. ಕೈಕೊಟ್ಟಿದ್ದು ಕಾಲು.

ಇದು ನನ್ನೊಬ್ಬನ ಕಥೆ ಅಲ್ಲ. ಚಾರಣಕ್ಕೆ ತಯಾರಾಗುವ ಹೆಚ್ಚಿನವರು ಹತ್ತುವುದಕ್ಕೆ ತಯಾರಾಗುತ್ತಾರೆ. ಇಳಿಯುವುದಕ್ಕೆ ಬೇರೆಯೇ ತಯಾರಿ ಬೇಕು ಅನ್ನುವುದು ತಲೆಗೇ ಬರುವುದಿಲ್ಲ. ಯಾಕೆ ಬೇಕು ಅಂತ ತಿಳಿಯಲು ಎರಡು ಸೈಕಲ್‌ಗಳ ಕಥೆಯಿಂದ ಶುರು ಮಾಡೋಣ.

1952ರಲ್ಲಿ ಆಬಟ್, ಬಿಗ್‌ಲ್ಯಾಂಡ್ ಮತ್ತು ರಿಚೀ ಎಂಬ ಮೂವರು ವಿಜ್ಞಾನಿಗಳು ಲಂಡನ್ನಿನಲ್ಲಿ ಒಂದು ಮಜವಾದ ಪ್ರಯೋಗ ಮಾಡಿದರು. ನಿಂತಲ್ಲೇ ತುಳಿಯುವ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ಇಟ್ಟು, ಎರಡಕ್ಕೂ ಸೇರಿ ಚೈನು ಹಾಕಿದರು. ಒಬ್ಬರು ಮುಂದಕ್ಕೆ ತುಳಿದರೆ ಇನ್ನೊಬ್ಬರ ಪೆಡಲ್ ಹಿಂದಕ್ಕೆ ತಿರುಗುತ್ತದೆ. ಆ ಇನ್ನೊಬ್ಬರ ಕೆಲಸ ತುಳಿಯುವುದಲ್ಲ, ಪೆಡಲ್ಲಿಗೆ ಕಾಲು ಒತ್ತಿ ತಡೆಯುವುದು. ಇಬ್ಬರ ಕಾಲಿನಲ್ಲೂ ಒತ್ತುವ ಬಲ ಹೆಚ್ಚುಕಮ್ಮಿ ಒಂದೇ. ಆದರೂ ತುಳಿಯುವವರಿಗೆ ಬೇಕಾದ ಆಮ್ಲಜನಕ ತಡೆಯುವವರಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಇತ್ತು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಎಲ್ಲರೆದುರು ಮಾಡಿ ತೋರಿಸಿದಾಗ, ತಡೆಯಲು ಕೂತಿದ್ದ ಸಣ್ಣ ಮೈಕಟ್ಟಿನ ಹೆಂಗಸು ಆರಾಮಾಗಿದ್ದರು. ತುಳಿಯುತ್ತಿದ್ದ ಗಂಡಸು ಸುಸ್ತಾಗಿ ಕೈಚೆಲ್ಲಿದ. ನೋಡಿದವರಿಗೆ ಎಷ್ಟು ನಗು ಬಂದಿರಬೇಡ!

ಹತ್ತುವುದು ತುಳಿದ ಹಾಗೆ, ಇಳಿಯುವುದು ತಡೆದ ಹಾಗೆ. ಈಗಲೇ ಪರೀಕ್ಷೆ ಮಾಡಿ ನೋಡಬಹುದು. ಮೆಟ್ಟಿಲ ಮೇಲೆ ನಿಂತು, ತೊಡೆಯ ಮುಂಭಾಗಕ್ಕೆ ಅಂಗೈ ಒತ್ತಿಟ್ಟುಕೊಂಡು, ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಸಿ. ಮೇಲೆ ಉಳಿದ ಕಾಲಿನ ಮಂಡಿ ಮಡಿಚುತ್ತಾ ಹೋದಂತೆ ತೊಡೆಯ ಸ್ನಾಯು ಕಲ್ಲಿನ ಹಾಗೆ ಬಿಗಿಯಾಗುತ್ತದೆ. ಬಿಗಿಯಾಗುತ್ತಲೇ ಉದ್ದವೂ ಆಗುತ್ತಿರುತ್ತದೆ. ಸಾಮಾನ್ಯವಾಗಿ ಸ್ನಾಯು ಅಂದರೆ ಕುಗ್ಗಿ ಎಳೆಯುವ ವಸ್ತು ಅಂದುಕೊಳ್ಳುತ್ತೇವೆ. ಇಲ್ಲಿ ಅದು ಎಳೆಯುತ್ತಿದೆ, ಆದರೆ ಮೈಭಾರದ ಮುಂದೆ ಸೋತು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತಿದೆ. ಬಾವಿಗೆ ತುಂಬಿದ ಕೊಡ ಇಳಿಬಿಡುವಾಗ ಹಗ್ಗ ಹಿಡಿದ ಕೈ ಮಾಡುವುದೂ ಇದೇ ಕೆಲಸ.

ಹೀಗೆ ಬಿಟ್ಟುಕೊಡುವ ಸ್ನಾಯುವಿಗೆ ಇಂಧನ ಕಡಿಮೆ ಸಾಕು. ಅದೇ ಬಲಕ್ಕೆ ಕಡಿಮೆ ಎಳೆಗಳು ದುಡಿದರೆ ಸಾಕಾಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತೊಂದರೆ ಇರುವುದೂ ಅಲ್ಲೇ. ಹತ್ತು ಜನ ಹೊರಬೇಕಾದ ಭಾರವನ್ನು ನಾಲ್ಕು ಜನ ಹೊತ್ತರೆ ಏನಾಗುತ್ತದೆ? ದುಡಿಯುವ ಒಂದೊಂದು ಎಳೆಯ ಮೇಲೂ ಜಗ್ಗಾಟ ಜಾಸ್ತಿ. ಒಳಗಿನ ಸೂಕ್ಷ್ಮ ರಚನೆ ಅಲ್ಲಲ್ಲಿ ಹಿಗ್ಗಿ ಹರಿಯುತ್ತದೆ. ಹೃದಯಕ್ಕೂ ಶ್ವಾಸಕೋಶಕ್ಕೂ ಹೆಚ್ಚು ಕೆಲಸ ಇಲ್ಲದ ಕಾರಣ ಇದ್ಯಾವುದೂ ಆಗ ಗೊತ್ತಾಗುವುದಿಲ್ಲ. ಮಾತಾಡುತ್ತಾ, ಹಾಡು ಹೇಳುತ್ತಾ ಇಳಿಯುತ್ತೇವೆ. ಬಿಲ್ಲು ಬರುವುದು ಮರುದಿನ, ನೋವಿನ ರೂಪದಲ್ಲಿ.

ಆ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಅನ್ನುವ ಮಾತು ಇವತ್ತಿಗೂ ಜಿಮ್ಮುಗಳಲ್ಲಿ ಓಡಾಡುತ್ತಿದೆ. ಪಾಪ, ಅದರದ್ದೇನೂ ತಪ್ಪಿಲ್ಲ. ವ್ಯಾಯಾಮದಲ್ಲಿ ಹುಟ್ಟಿದ ಲ್ಯಾಕ್ಟೇಟ್, ಅಂದರೆ ಮೈಯೊಳಗೆ ಆ ಆಮ್ಲ ಇರುವ ರೂಪ, ಒಂದೆರಡು ಗಂಟೆಯಲ್ಲಿ ಖಾಲಿಯಾಗುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ತಡವಾಗಿ ಬರುವ ಈ ನೋವಿಗೆ ಸ್ನಾಯುವಿನೊಳಗೆ ಎಳೆ ಹರಿದದ್ದೇ ಕಾರಣ ಇರಬೇಕು ಅಂತ ಅಮೆರಿಕದ ಥಿಯೋಡರ್ ಹಫ್ 1902ರಲ್ಲೇ ಬರೆದಿದ್ದರು. ನೂರು ವರ್ಷ ಕಳೆದರೂ ಬೇಚಾರಿ ಲ್ಯಾಕ್ಟಿಕ್ ಆಮ್ಲಕ್ಕೆ ಬಿಡುಗಡೆ ಸಿಕ್ಕಿಲ್ಲ.

ಇನ್ನು ಒಳ್ಳೆಯ ಸುದ್ದಿ. ಸ್ನಾಯು ಈ ಪಾಠವನ್ನು ಬಹಳ ಬೇಗ ಕಲಿಯುತ್ತದೆ. ಒಂದೇ ಒಂದು ಸಲ ಚೆನ್ನಾಗಿ ಇಳಿದು, ನೋವು ತಿಂದು, ವಾಸಿಯಾಗಿ ಬಂದರೆ ಸಾಕು. ಮುಂದಿನ ಸಲ ಅಷ್ಟೇ ಇಳಿದರೂ ನೋವು ಎಷ್ಟೋ ಕಡಿಮೆ ಇರುತ್ತದೆ. ಈ ರಕ್ಷಣೆ ಹಲವು ವಾರ ಉಳಿಯುತ್ತದೆ. ಮೊದಲ ಸಲ ಮೈಮುರಿಯುವಷ್ಟು ಇಳಿಯಬೇಕಾಗಿಯೂ ಇಲ್ಲ. ಸ್ವಲ್ಪ ಇಳಿದರೂ ಸ್ವಲ್ಪ ರಕ್ಷಣೆ ಬಂದೇ ಬರುತ್ತದೆ. ವ್ಯಾಯಾಮದ ಜಗತ್ತಿನಲ್ಲಿ ಇಷ್ಟು ಅಗ್ಗವಾಗಿ ಸಿಗುವ ಲಾಭ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ನಾನು ಮಾತ್ರ ಮೂರು ತಿಂಗಳು ದಿನಾ ಲಿಫ್ಟ್ ಹತ್ತಿ ಅದನ್ನು ತಪ್ಪಿಸಿಕೊಂಡೆ.

ಇಳಿಜಾರನ್ನು ಲೆಕ್ಕದಿಂದ ಬಿಟ್ಟವನು ನಾನೇ ಮೊದಲಿಗನಲ್ಲ ಅನ್ನುವುದು ಒಂದು ಸಮಾಧಾನ. ಸ್ಕಾಟ್ಲೆಂಡಿನ ಬೆಟ್ಟ ಹತ್ತುಗ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಇವತ್ತಿಗೂ ಚಾರಣಿಗರು ಅದನ್ನು ಬಳಸುತ್ತಾರೆ. ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಇಳಿಜಾರಿನ ಮಾತೇ ಇಲ್ಲ! ಎಷ್ಟೋ ವರ್ಷಗಳ ಮೇಲೆ ಎರಿಕ್ ಲ್ಯಾಂಗ್‌ಮ್ಯೂರ್ ಎಂಬ ಪರ್ವತಾರೋಹಿ ಅದಕ್ಕೊಂದು ತಿದ್ದುಪಡಿ ಸೇರಿಸಿದರು. ಇಳಿಜಾರು ಸಾಧಾರಣವಾಗಿದ್ದರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಿರಿ, ಕಡಿದಾಗಿದ್ದರೆ 10 ನಿಮಿಷ ಕೂಡಿಸಿ. ಅಂದರೆ ಒಂದು ಮಿತಿ ದಾಟಿದರೆ ಇಳಿಜಾರೂ ನಮ್ಮನ್ನು ನಿಧಾನ ಮಾಡುತ್ತದೆ.

ಒಂದು ಸಣ್ಣ ಗಣಿತ ಮಾಡೋಣ. ಮೈತೂಕ 68 ಕಿಲೋ, ಬ್ಯಾಗು 12 ಕಿಲೋ, ಒಟ್ಟು 80. ಇದನ್ನು 1,000 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 785 ಕಿಲೋಜೂಲ್. ಊಟದ ಭಾಷೆಯಲ್ಲಿ 190 ಕಿಲೋಕ್ಯಾಲರಿಗಿಂತ ಸ್ವಲ್ಪ ಕಡಿಮೆ. ಆದರೆ ತಿಂದ ಶಕ್ತಿಯಲ್ಲಿ ಸ್ನಾಯು ಕೆಲಸಕ್ಕೆ ಹಚ್ಚುವುದು ಹೆಚ್ಚೆಂದರೆ ಕಾಲುಭಾಗ, ಮಿಕ್ಕದ್ದೆಲ್ಲ ಬೆವರಿಳಿಸುವ ಶಾಖ. ಹಾಗಾಗಿ ನಿಜವಾದ ಖರ್ಚು 750 ಕಿಲೋಕ್ಯಾಲರಿ ಆಸುಪಾಸು. ಆ ಏರನ್ನು 17 ಸೆಂಟಿಮೀಟರ್ ಎತ್ತರದ ಮೆಟ್ಟಿಲಲ್ಲಿ ಎಣಿಸಿದರೆ ಸುಮಾರು 5,900 ಮೆಟ್ಟಿಲು.

ಇಳಿಯುವಾಗ ಆ 785 ಕಿಲೋಜೂಲ್ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಲಾರಿ ಘಾಟಿ ಇಳಿಯುವಾಗ ಬ್ರೇಕು ಬಿಸಿಯಾಗುವ ಹಾಗೆ ಅದು ಹೆಚ್ಚಾಗಿ ನಮ್ಮ ಕಾಲಲ್ಲೇ ಶಾಖವಾಗಿ ಇಂಗುತ್ತದೆ. ಎರಡು ಲೀಟರ್ ತಣ್ಣೀರನ್ನು ಕುದಿ ಬರಿಸಿದರೂ ಮಿಗುವಷ್ಟು ಶಾಖ ಅದು. ಆ ಬ್ರೇಕು ನಮ್ಮ ತೊಡೆ.

ಈ ಲೆಕ್ಕದಿಂದ ಬ್ಯಾಗಿನ ಬಗ್ಗೆಯೂ ಒಂದು ಬುದ್ಧಿ ಬರುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ್ದರ ಒಂದು ಪಾಲನ್ನು, ಸುಮ್ನೆ ಇರಲಿ ಅಂತ ತುಂಬಿಕೊಂಡ ಮೂರು ಕಿಲೋ ಸಾಮಾನು ನುಂಗಿಬಿಡುತ್ತದೆ. ಶೂನ ತೂಕವಂತೂ ಇನ್ನೂ ದುಬಾರಿ, ಯಾಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು. ಪಾದದಲ್ಲಿರುವ ಒಂದು ಕಿಲೋ ಬೆನ್ನಿನ ಮೇಲಿನ ಐದಾರು ಕಿಲೋಗೆ ಸಮ.

ಹಾಗಂತ ಹತ್ತುವ ತಯಾರಿ ಬೇಡ ಅಂತಲ್ಲ. ದಿನಗಟ್ಟಲೆ ನಡೆಯುವ ತಾಕತ್ತು ಹುಟ್ಟುವುದು ಸ್ನಾಯುಕೋಶಗಳ ಒಳಗಿನ ಮೈಟೊಕಾಂಡ್ರಿಯಗಳಲ್ಲಿ. ಅಲ್ಲೇ ಕೊಬ್ಬು, ಸಕ್ಕರೆ ಉರಿದು ಶಕ್ತಿಯಾಗುವುದು. 1967ರಲ್ಲಿ ಜಾನ್ ಹಾಲೊಸಿ ಎಂಬ ವಿಜ್ಞಾನಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದಾಗ, ಅವುಗಳ ಕಾಲಿನ ಸ್ನಾಯುವಿನಲ್ಲಿ ಈ ಉರಿಸುವ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಮನುಷ್ಯರಲ್ಲೂ ಇದೇ ಬಗೆಯ ಬದಲಾವಣೆ ಆಗುತ್ತದೆ. ಅದಕ್ಕೆ ಓಡಿ ಓಡಿ ಸಾಯಬೇಕಿಲ್ಲ. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು, ಆದರೆ ಹಾಡಲು ಆಗದಷ್ಟು ಬಿರುಸಿನ ನಡಿಗೆ ಸಾಕು. ಆದರೆ ಹೊತ್ತು ಜಾಸ್ತಿ ಇರಬೇಕು. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಅರ್ಧ ಕಿಲೋ ಆಸುಪಾಸು. ಅದು 2,000 ಕಿಲೋಕ್ಯಾಲರಿಗೆಲ್ಲ ಮುಗಿಯುತ್ತದೆ. ತೆಳ್ಳಗಿರುವವರ ಮೈಯಲ್ಲೂ ಕೊಬ್ಬಿನ ರೂಪದಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಹೊತ್ತು ಹಿಡಿಯುವ ನಡಿಗೆ ಆ ಗೋದಾಮಿನ ಬಾಗಿಲು ತೆರೆಯುವುದನ್ನು ಕಲಿಸುತ್ತದೆ.

ವಯಸ್ಸಾಯಿತು, ಇನ್ನೆಲ್ಲಿ ಅನ್ನುವವರಿಗೆ ಒಂದು ಕಥೆ. 1966ರಲ್ಲಿ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದರು. ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಬಿದ್ದುಹೋಯಿತು. 1996ರಲ್ಲಿ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಆಗ ಅವರೆಲ್ಲ 50ರ ಗಂಡಸರು, ಹೊಟ್ಟೆ ಬಂದಿತ್ತು. ಆದರೂ 30 ವರ್ಷ ಕಿತ್ತುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದೇ ಜಾಸ್ತಿ ಇತ್ತು! ಆರು ತಿಂಗಳು ನಿಧಾನವಾಗಿ ತರಬೇತಿ ಕೊಟ್ಟಾಗ ಅವರು 20ರ ವಯಸ್ಸಿನಲ್ಲಿ, ಮಲಗುವ ಮೊದಲು ಎಷ್ಟಿದ್ದರೋ ಅಷ್ಟಕ್ಕೆ ವಾಪಸ್ಸು ಬಂದರು.

ಆದರೆ ದೇಹದ ಎಲ್ಲ ಭಾಗಕ್ಕೂ ಒಂದೇ ವೇಗ ಇಲ್ಲ. ತರಬೇತಿ ಶುರುವಾದ ಒಂದೆರಡು ವಾರದಲ್ಲೇ ರಕ್ತದ ನೀರಿನ ಭಾಗ ಹೆಚ್ಚಿ ಹೃದಯಕ್ಕೆ ಕೆಲಸ ಹಗುರಾಗುತ್ತದೆ. ಸ್ನಾಯುವಿಗೆ ವಾರಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜುಗಳಿಗೆ ತಿಂಗಳುಗಳೇ ಬೇಕು. ಮೋಸ ಆಗುವುದು ಇಲ್ಲೇ. ಐದಾರು ವಾರಕ್ಕೆ ಉಸಿರು ಕುದುರಿ ಹುಮ್ಮಸ್ಸು ಬರುತ್ತದೆ, ನಡೆಯುವ ದೂರವನ್ನು ಒಮ್ಮೆಲೇ ಎರಡು ಪಟ್ಟು ಮಾಡಿಬಿಡುತ್ತೇವೆ. ಉಸಿರು ಹೂಂ ಅನ್ನುತ್ತದೆ. ಹಿಮ್ಮಡಿ, ಮಂಡಿ ಇನ್ನೂ ಹೂಂ ಅಂದಿರುವುದಿಲ್ಲ. ಬ್ಯಾಗಿನ ತೂಕವೂ ಹಾಗೆಯೇ. ಖಾಲಿ ಬೆನ್ನಿಂದ ಶುರು ಮಾಡಿ ವಾರಕ್ಕೆ ಒಂದೆರಡು ಕಿಲೋ ಸೇರಿಸುತ್ತಾ ಹೋಗುವುದು ಒಳ್ಳೆಯದು. ನೀರಿನ ಬಾಟಲಿ ತುಂಬಿಕೊಂಡರೆ ಇನ್ನೂ ಅನುಕೂಲ. ಸಾಕಾಯಿತು ಅನ್ನಿಸಿದ ಕಡೆ ಚೆಲ್ಲಿ ಹಗುರಾಗಬಹುದು.

ದಾರಿ ತುಂಬ ಎತ್ತರಕ್ಕೆ ಹೋಗುವುದಾದರೆ ಇನ್ನೊಂದು ವಿಷಯ ಹೇಳಲೇಬೇಕು. 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಎತ್ತರದ ಕಾಯಿಲೆಯಿಂದ ವಿನಾಯಿತಿ ಇಲ್ಲ. ಗಟ್ಟಿಗರಿಗೆ ಅಪಾಯ ಒಂದು ಕೈ ಜಾಸ್ತಿಯೇ, ಯಾಕೆಂದರೆ ಅವರು ಬೇಗಬೇಗ ಹತ್ತಿಬಿಡುತ್ತಾರೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಮೇಲೇರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಒಂದು ದಿನ ನಿಲ್ಲಬೇಕು. ಇದನ್ನು ಮನೆಯಲ್ಲಿ ಅಭ್ಯಾಸ ಮಾಡಿ ಬರಲು ಆಗುವುದಿಲ್ಲ, ಅಲ್ಲಿಗೇ ಹೋಗಿ ಸಮಯ ಕೊಡಬೇಕು.

ಕಾಲಿನ ಬೊಬ್ಬೆಗೆ ಹೆಚ್ಚು ಮಾತು ಬೇಡ. ಹೊಸ ಶೂ ಹಾಕಿಕೊಂಡು ಹೊರಡಬೇಡಿ, ಒದ್ದೆ ಕಾಲುಚೀಲ ಬದಲಿಸಿ, ಉರಿ ಶುರುವಾದ ತಕ್ಷಣ ಕೂತು ಟೇಪು ಹಚ್ಚಿ. ಮುಂದಿನ ತಿರುವಿನಲ್ಲಿ ನೋಡಿದರಾಯಿತು ಅಂದರೆ ಕೆಟ್ಟಿರಿ.

ಇಳಿಜಾರಿನಲ್ಲಿ ಎರಡು ಕೋಲು ಹಿಡಿದರೆ ಮಂಡಿಯ ಮೇಲಿನ ಭಾರ ಕಡಿಮೆಯಾಗುವುದನ್ನು ಅಳೆದು ನೋಡಿದ್ದಾರೆ, ಕಾಲುಭಾಗದವರೆಗೂ ಇಳಿಯುತ್ತದೆ. ಉದ್ದುದ್ದ ಹೆಜ್ಜೆ ಹಾಕುವ ಬದಲು ಪುಟ್ಟಪುಟ್ಟ ಹೆಜ್ಜೆ ಇಟ್ಟರೆ ಸ್ನಾಯು ಪ್ರತಿ ಸಲ ಹಿಗ್ಗುವುದೂ ಕಡಿಮೆ. ಮೊದಲ ಚಾರಣದಲ್ಲಿ ಕೋಲು ಅಂದರೆ ಮುದುಕರಿಗೆ ಅಂದುಕೊಂಡಿದ್ದೆ.

ಎರಡನೇ ದೊಡ್ಡ ಚಾರಣಕ್ಕೆ ಮೊದಲು ನಾನು ಲಿಫ್ಟ್‌ನ ದಿಕ್ಕು ಬದಲಿಸಿದೆ. ವಾರದಲ್ಲಿ ಎರಡು ದಿನ ಮೊದಲಿನ ಹಾಗೆ ಹತ್ತುವುದು. ಇನ್ನೆರಡು ದಿನ ಲಿಫ್ಟ್‌ನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯುವುದು, ಮೊದಲ ವಾರ ಮೂರೇ ಸುತ್ತು, ಆಮೇಲೆ ಒಂದೊಂದೇ ಹೆಚ್ಚು. ಮಂಡಿ ಸವೆಯುತ್ತದೆ ಅನ್ನುವ ಹೆದರಿಕೆ ಆ ಹೊತ್ತಿಗೆ ಕಡಿಮೆಯಾಗಿತ್ತು. ತೈವಾನಿನಲ್ಲಿ ಮೈಭಾರ ಹೆಚ್ಚಿದ್ದ ವಯಸ್ಸಾದ ಹೆಂಗಸರ ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಮೆಟ್ಟಿಲು ಹತ್ತಿಸಿದರು, ಇನ್ನೊಂದಕ್ಕೆ ಇಳಿಸಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಲಿನ ಬಲ ಹೆಚ್ಚಾಗಿ ಕುದುರಿದ್ದು ಇಳಿದವರಿಗೆ. ನೋವಿರುವ ಮಂಡಿಯಾದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಬೇಕು. ಕೊನೆಯ ಜೋರು ಇಳಿತವನ್ನು ಹೊರಡುವ ಎರಡು ವಾರ ಮೊದಲೇ ಮುಗಿಸಿದೆ. ಹರಿದ ಎಳೆಗಳು ಕೂಡಿಕೊಳ್ಳಲು ಅಷ್ಟು ದಿನ ಬೇಕು, ಗಳಿಸಿದ ರಕ್ಷಣೆಯೂ ಅಷ್ಟರಲ್ಲಿ ಕರಗುವುದಿಲ್ಲ.

ಒಂದು ಸಂಜೆ ನಾಲ್ಕನೇ ಸಲ ಲಿಫ್ಟ್‌ಗೆ ಬಂದಾಗ ಕೆಳಮನೆಯ ಅಜ್ಜಿ ತಡೆಯಲಾರದೆ ಕೇಳಿಯೇಬಿಟ್ಟರು, "ಏನಪ್ಪಾ, ಮೇಲೆ ಏನಾದ್ರೂ ಮರೆತು ಮರೆತು ಬರ್ತಿದ್ದೀಯಾ?"

"ಇಲ್ಲ ಅಜ್ಜಿ, ಬೆಟ್ಟ ಇಳಿಯೋದು ಕಲೀತಿದ್ದೀನಿ" ಅಂದೆ.

"ಹತ್ತೋದು?"

"ಅದು ಬರತ್ತೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಏನೂ ಹೇಳದೆ ಹತ್ತರ ಗುಂಡಿ ಒತ್ತಿಕೊಟ್ಟರು.